ಹೋಮ, ಕಾಳಿ, ಸಣ್ಣ

ಅಲ್ ಅಜೀಜಿಯಾ, ದೋಹಾ
೧೪ ನವೆಂಬರ್ ೨೦೦೮, ಶುಕ್ರವಾರ

ಪ್ರೀತಿಯ ಮಗ ಸೆಲೆಸ್ಟಿನ್,

‘ಫಾದರ್ ಅಂತ ಬರೆಯಿರಿ ಮಾಯ್, ಸ್ವಲ್ಪ ಮರ್ಯಾದೆ ಬೇಡವಾ’ ಎಂದು ನಿನ್ನ ತಂಗಿ ಫಿಯೋನಾ ಈಗಷ್ಟೇ ನನ್ನ ಭುಜದ ಮೇಲಿಂದ ಇಣುಕಿ ಹೇಳಿ ಹೋದಳು. ಅವಳು ಹೇಗೆ ಬೇಕಾದರೂ ಬರೆಯಲಿ. ನಿನ್ನ ಸಿಂಬಳ ಒರೆಸಿದ ಕೈ ಇದು, ಇದಕ್ಕೆ ಬರೀ ಸೆಲೆಸ್ಟಿನ್ ಎಂದು ಬರೆದೇ ರೂಢಿ. ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಆ ಮೋಟಾರ್‌ಸೈಕಲ್ಲಿನಲ್ಲಿ ಹೊಂಡಗುಂಡಿ ಹಾರಿಸಿಕೊಂಡು ಹಳ್ಳಿ ಹಳ್ಳಿ ಸುತ್ತುತ್ತೀಯಲ್ಲ, ಬೆನ್ನುನೋವು ಹೇಗಿದೆ? ನಿನ್ನ ಉತ್ತರ ನನಗೆ ಗೊತ್ತು. ‘ಕಲ್ಲುಗುಂಡಿನ ಹಾಗಿದ್ದೇನೆ ಮಾಯ್.’ ಸೆಮಿನರಿಯಲ್ಲಿ ಕಾಮಾಲೆಯಾಗಿ ಕಣ್ಣು ಅರಿಸಿನದ ಹಾಗಾಗಿದ್ದಾಗಲೂ ಇದೇ ಮಾತು ಹೇಳಿದವನು ನೀನು. ನಿನ್ನ ಆರೋಗ್ಯವನ್ನು ನಿನ್ನಲ್ಲೇ ಕೇಳಿ ಪ್ರಯೋಜನವಿಲ್ಲ, ಆದರೂ ಕೇಳುತ್ತೇನೆ, ಹೆತ್ತ ತಪ್ಪಿಗೆ. ಕಳೆದ ವರ್ಷ ನಾನು ಕಳಿಸಿದ ಸೊಳ್ಳೆಪರದೆಯನ್ನು ಹೆರಿಗೆಯಾದ ಯಾವಳಿಗೋ ಕೊಟ್ಟುಬಿಟ್ಟೆಯಂತಲ್ಲ. ಪುಣ್ಯದ ಕೆಲಸ, ಬೇಡ ಎನ್ನುವುದಿಲ್ಲ. ಈಗ ನೀನು ಯಾವುದರೊಳಗೆ ಮಲಗುತ್ತೀ? ನಿಮ್ಮ ಹ್ಯೂಬರ್ಟ್ ಫಾದರ್ ಕೈಯಲ್ಲಿ ಇನ್ನೊಂದು ಕಳಿಸುತ್ತಿದ್ದೇನೆ. ಇದನ್ನೂ ದಾನ ಮಾಡಿದರೆ ನನ್ನ ಮೇಲಾಣೆ.

ಇಲ್ಲಿ ನಾವು ಕ್ಷೇಮ. ನನ್ನ ಮಂಡಿ ಹೇಗಿತ್ತೋ ಹಾಗೇ ಇದೆ. ಫಿಯೋನಾಳ ಬಾಣಂತನ ಒಂದು ಹದಕ್ಕೆ ಬಂತು. ಮಗುವಿಗೆ ನಿನ್ನ ಪಪ್ಪನದೇ ಅಗಲ ಹಣೆ, ಅಳುವುದು ಮಾತ್ರ ಅಳಿಯ ರೂಬೆನನ ಮನೆಯವರ ಹಾಗೆ, ಕಟ್ಟಡಕ್ಕೇ ಕೇಳಿಸುವಷ್ಟು. ನಿನ್ನೆ ಚುಚ್ಚುಮದ್ದು ಹಾಕಿಸಿದ್ದಕ್ಕೆ ಮೈ ಸ್ವಲ್ಪ ಬಿಸಿಯಾಗಿದೆ. ಅಷ್ಟಕ್ಕೇ ಈ ಮನೆಯಲ್ಲಿ ನಡೆಯುವ ಗಡಿಬಿಡಿ ನೋಡಬೇಕು ನೀನು. ರೂಬೆನ್ ನಿನ್ನೆಯೆಲ್ಲ ವೆಸ್ಟ್ ಬೇಯ ಆಫೀಸಿನಿಂದ ಗಳಿಗೆಗೊಮ್ಮೆ ಫೋನು ಮಾಡಿದ್ದೇ ಮಾಡಿದ್ದು. ಕೆಳಗಿನ ಮನೆಯಲ್ಲಿ ರೋಸ್‌ಮೇರಿ ಎಂಬ ನರ್ಸ್ ಇದ್ದಾಳೆ, ಕೀನ್ಯಾದವಳು, ತುಂಬ ಒಳ್ಳೆಯ ಹೆಂಗಸು. ಡ್ಯೂಟಿ ಮುಗಿಸಿ ಬಂದು ಮಗುವನ್ನು ನೋಡುತ್ತೇನೆ ಎಂದಿದ್ದಾಳೆ. ನಿಮ್ಮಿಬ್ಬರನ್ನು ನಾನು ಗಂಜಿನೀರು ಮತ್ತು ಕೊತ್ತಂಬರಿ ಕಷಾಯದಲ್ಲಿ ಸಾಕಿದೆ ಎಂದರೆ ಇವರು ನನ್ನನ್ನು ಪೊಲೀಸಿಗೆ ಕೊಡುವವರ ಹಾಗೆ ನೋಡುತ್ತಾರೆ.

ಬೆಳಿಗ್ಗೆ ಪೂಜೆಗೆ ಹೋಗಿ ಬಂದೆವು. ಇಲ್ಲಿ ಶುಕ್ರವಾರವೇ ನಮ್ಮ ಭಾನುವಾರ. ಈ ವರ್ಷ ತೆರೆದ ಹೊಸ ಇಗರ್ಜಿಗೆ ಹೊರಗೆ ಶಿಲುಬೆಯೂ ಇಲ್ಲ, ಗಂಟೆಯೂ ಇಲ್ಲ. ಮೊದಲ ಸಲ ರೂಬೆನ್ ಕಾರು ನಿಲ್ಲಿಸಿದಾಗ ಯಾವುದೋ ಗೋದಾಮಿಗೆ ತಂದ ಎಂದುಕೊಂಡಿದ್ದೆ. ಒಳಗೆ ಹೋದರೆ ಕಾಲಿಡಲು ಜಾಗವಿಲ್ಲ. ಇವತ್ತು ನಿನ್ನ ಸ್ನೇಹಿತ ಹ್ಯೂಬರ್ಟ್ ಫಾದರ್‌ನದೇ ಪ್ರವಚನ. ನಿನ್ನ ಕಡೆಯಿಂದಲೇ ಧ್ಯಾನಕೂಟಕ್ಕೆಂದು ಬಂದವನು ಈ ವಾರವೆಲ್ಲ ಇಲ್ಲಿದ್ದ, ಎರಡು ಸಲ ನಮ್ಮಲ್ಲಿಗೆ ಊಟಕ್ಕೂ ಬಂದ. ಇವತ್ತು ಸಂಜೆ ಇಲ್ಲಿಂದ ಹೊರಟು ದಾರ್-ಎಸ್-ಸಲಾಮಿನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು ನೇರ ನಿನ್ನ ಮ್ಲಂಗೋನಿಗೇ ಬರುತ್ತಾನಂತೆ. (ಈ ಊರಿನ ಹೆಸರು ಹೇಳಲು ನನಗೆ ಇನ್ನೂ ಎರಡು ಸಲ ಉಗುಳು ನುಂಗಬೇಕು.) ಈ ಕಾಗದ, ಸೊಳ್ಳೆಪರದೆ, ಬಾಫಾತ್ ಮಸಾಲೆ ಪುಡಿ, ಒಣ ಸಿಗಡಿಯ ಚಟ್ನಿ, ಎಲ್ಲ ಅವನ ಕೈಯಲ್ಲೇ. ಕಾಗದಕ್ಕೆ ಮಾತ್ರ ನಾನೇ ಗೋಂದು ಹಚ್ಚಿ ಕೊಡುತ್ತೇನೆ. ಯಾಕೆಂದರೆ ಮುಂದೆ ಬರೆಯುವುದು ನಮ್ಮಿಬ್ಬರಲ್ಲೇ ಇರಬೇಕಾದದ್ದು. ಫಿಯೋನಾಳಿಗೂ ಹೇಳಿಲ್ಲ, ರೂಬೆನನಿಗೂ ಹೇಳಿಲ್ಲ. ಹ್ಯೂಬರ್ಟನ ಎದುರಿಗಂತೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅವನು ನಿನ್ನ ಸ್ನೇಹಿತ ಹೌದು, ಆದರೆ ನಿಮ್ಮ ಸಭೆಯ ದೊಡ್ಡವರ ಜೊತೆ ಕೂತು ಉಣ್ಣುವವನು. ಒಂದು ಮಾತು ಆಚೆ ಈಚೆ ಆದರೆ ನಿನ್ನ ಗತಿ ಏನು?

ಕಳೆದ ಭಾನುವಾರ ನಾನು ಫೋನು ಮಾಡಿದ್ದೆ ಸೆಲೆಸ್ಟಿನ್. ನೀನು ಸಿಗ್ನಲ್ ಸಿಗುವ ಗುಡ್ಡಕ್ಕೆ ಹತ್ತಿ ಕಾಯುತ್ತೀಯಲ್ಲ, ಅದೇ ಹೊತ್ತಿಗೆ. ಎತ್ತಿದ್ದು ನೀನಲ್ಲ, ನಿನ್ನ ಅಡುಗೆಯವಳು ಮಾಮಾ ಎಡ್ನಾ. ನನಗೆ ಖುಷಿಯೇ ಆಯಿತು. ಅವಳಿಗೆ ನೀನು ಕನ್ನಡ ಕಲಿಸಿದ ಕಥೆ ಮರೆತಿಲ್ಲ. ಕೊಂಕಣಿ ಅವಳ ನಾಲಗೆಯಲ್ಲಿ ಹೊರಳಲಿಲ್ಲ, ಕನ್ನಡವಾದರೆ ಅವರ ಸ್ವಾಹಿಲಿಯ ಹಾಗೆಯೇ ಬಾಯಿ ತೆರೆದು ಮುಗಿಯುವ ಮಾತು, ಅದು ಸಲೀಸಾಗಿ ಬಂತು ಎಂದಿದ್ದೆ. ಮನೆಯಲ್ಲಿ ಕೊಂಕಣಿ, ಕಾಗದದಲ್ಲಿ ಕನ್ನಡ ಎಂದು ಕಾನೂನು ಮಾಡಿದ್ದ ನಿನ್ನ ಪಪ್ಪ ಇದ್ದಿದ್ದರೆ ನಮ್ಮೂರ ಶಿರ್ವದ ಶಾಲೆಯಲ್ಲಿ ಸಿಹಿ ಹಂಚುತ್ತಿದ್ದರು. ಹೋದ ತಿಂಗಳು ಎಡ್ನಾ ನನ್ನಲ್ಲಿ ‘ಅಮ್ಮಾ, ಊಟ?’ ಎಂದು ಕೇಳಿ ನನ್ನನ್ನು ನಗಿಸಿದ್ದಳಲ್ಲ. ಈ ಸಲವೂ ಹಾಗೇ ಏನೋ ಕೇಳುತ್ತಾಳೆ ಎಂದುಕೊಂಡೆ. ಪಾದ್ರಿ ಎಲ್ಲಿ ಎಂದೆ. ಅವಳು ಕೂಗಿ ಹೇಳಿದಳು: ‘ಪಾದ್ರಿ ಹೋಮ!’ ನಾನು ಏನು ಏನು ಎಂದೆ. ‘ಹೋಮ ಕಾಳಿ. ಕಾಳಿ ಸಣ್ಣ!’ ಎಂದಳು. ಅಷ್ಟೂ ಶುದ್ಧ ಕನ್ನಡ. ಅವಳ ಹಿಂದೆ ತುಂಬ ಹೆಂಗಸರು ಒಟ್ಟಾಗಿ ಏನೋ ಮಂತ್ರದ ಹಾಗೆ ಒಂದೇ ರಾಗದಲ್ಲಿ ಹೇಳುತ್ತಿದ್ದರು, ಒಬ್ಬರು ನಿಲ್ಲಿಸಿದರೆ ಉಳಿದವರು ಹಿಡಿಯುತ್ತಿದ್ದರು. ಆಮೇಲೆ ಲೈನು ಹೋಯಿತು. ಅಂದಿನಿಂದ ಎಷ್ಟು ಸಲ ಒತ್ತಿದರೂ ಫೋನು ಬಂದ್. ನೀನು ಪೇಟೆಯ ಅಂಗಡಿಗೆ ಹೋಗಿ ಚಾರ್ಜ್ ಮಾಡಿಸಬೇಕೆಂದು ಗೊತ್ತು, ಆದರೆ ಇಷ್ಟು ದಿನ ಬೇಕಾ ಅದಕ್ಕೆ? ಅಮ್ಮನಿಗೆ ಉತ್ತರ ಕೊಡಲು ಮುಖವಿಲ್ಲದೆ ನೀನೇ ಬಂದ್ ಮಾಡಿ ಇಟ್ಟಿದ್ದೀಯಾ?

ಮೊದಲು ನಾನೇ ಸಮಾಧಾನ ಮಾಡಿಕೊಂಡೆ, ಆಫ್ರಿಕಾದ ಕಾಡುಮೂಲೆಯಲ್ಲಿ ಎಲ್ಲಿಯ ಹೋಮ, ಎಲ್ಲಿಯ ಕಾಳಿ ಎಂದು. ಊಟದ ಹೊತ್ತಿಗೆ ರೂಬೆನನಲ್ಲಿ ಸುಮ್ಮನೆ ಎಂಬಂತೆ ಕೇಳಿದೆ, ಆ ಕಡೆ ನಮ್ಮ ದೇಶದ ಹಿಂದೂಗಳು ಇದ್ದಾರಾ ಅಂತ. ‘ಇದ್ದಾರಾ ಅಂತ ಕೇಳ್ತೀರಾ ಮಾಯ್, ಗುಜರಾತಿಗಳು ಅಜ್ಜನ ಕಾಲದಿಂದ ಅಲ್ಲೇ ಸೆಟ್ಲ್, ಅಂಗಡಿ, ದೇವಸ್ಥಾನ ಎಲ್ಲ ಉಂಟು’ ಎಂದ. ಅಲ್ಲಿಗೆ ಖಲಾಸ್. ಮರುದಿನ ಮೇಲಿನ ಮನೆಯ ಮುದ್ದುಕೃಷ್ಣ ಲಿಫ್ಟಿನಲ್ಲಿ ಸಿಕ್ಕಿದರು. ಮೈಸೂರಿನವರು, ರೂಬೆನನ ಆಫೀಸಿನವರೇ, ಸಂಪ್ರದಾಯಸ್ಥರು. ಕಾಳಿಗೆ ಹೋಮ ಮಾಡುವುದುಂಟಾ ಎಂದು ಕೇಳಿಯೇಬಿಟ್ಟೆ. ಅವರು ಪಾಪ, ಈ ಕ್ರಿಶ್ಚಿಯನ್ ಮುದುಕಿಗೆ ಇದೇನು ಹೊಸ ಆಸಕ್ತಿ ಎಂದು ಕಣ್ಣರಳಿಸಿ, ‘ಉಂಟಲ್ಲ ಅಮ್ಮ, ಚಂಡಿಕಾ ಹೋಮ ಅಂತಾರೆ. ಉಪವಾಸ ಇರ್ತಾರೆ, ದೊಡ್ಡದಾಗಿ ಮಾಡಿದ್ರೆ ದಿನಗಟ್ಟಲೆ ನಡೆಯತ್ತೆ. ಸಣ್ಣದಾಗೂ ಮಾಡಬಹುದು’ ಎಂದರು. ಸಣ್ಣದಾಗಿ ಎಂಬ ಮಾತು ಕೇಳಿ ನಾನು ಲಿಫ್ಟಿನ ಸರಳು ಹಿಡಿದುಕೊಂಡೆ. ಎಡ್ನಾ ಹೇಳಿದ್ದೂ ಅದೇ ತಾನೇ? ಆ ದಿನದಿಂದ ನಾನು ನನಗೇ ಹೇಳಿಕೊಳ್ಳುವ ಸಮಾಧಾನ ಅದೊಂದೇ. ಏನೇ ಮಾಡಿರಲಿ, ಸಣ್ಣದು ತಾನೇ, ಸಣ್ಣದು ತಾನೇ ಎಂದು.

ನನ್ನನ್ನು ತಪ್ಪು ತಿಳಿಯಬೇಡ. ಹೋಮ ಎಂದರೆ ನನಗೆ ತಾತ್ಸಾರವಿಲ್ಲ. ಪಕ್ಕದ ಮನೆಯ ಪೂವಕ್ಕ ಗಣಹೋಮ ಮಾಡಿಸಿದ ದಿನ ಬೇಲಿಯ ಮೇಲಿಂದ ಕೊಡುತ್ತಿದ್ದ ಬೆಲ್ಲ ಹಾಕಿದ ಅವಲಕ್ಕಿ ತಿಂದೇ ಬೆಳೆದವರು ನೀನೂ ಫಿಯೋನಾಳೂ. ನಮ್ಮ ಮೊಂತಿ ಹಬ್ಬದ ಹೊಸ ತೆನೆಯ ಪಾಯಸ ಅವಳ ಮನೆಗೆ ಹೋಗದೆ ನಾವು ಉಂಡದ್ದಿಲ್ಲ. ಅವರದು ಅವರಿಗೆ, ನಮ್ಮದು ನಮಗೆ, ನಡುವೆ ಬೇಲಿ, ಬೇಲಿಯಲ್ಲಿ ಒಂದು ಕಂಡಿ. ಪೂವಕ್ಕ ಹೋಮ ಮಾಡಿದರೆ ಚಂದ. ಆದರೆ ಯೇಸುವಿನ ಹೆಸರಿನಲ್ಲಿ ಊರು ಬಿಟ್ಟು ಹೋದ ಪಾದ್ರಿ ಮಾಡಿದರೆ? ಪೂವಕ್ಕನೇ ಮೂಗಿನ ಮೇಲೆ ಬೆರಳಿಟ್ಟಾಳು. ಇದು ನಿನ್ನೊಳಗೆ ಯಾವಾಗ ಹೊಕ್ಕಿತು ಎಂದು ಹಿಂದಿನದೆಲ್ಲ ಕೆದಕುತ್ತಾ ಕೂತಿದ್ದೇನೆ. ನಿನ್ನ ದಿನಚರಿ ನನಗೆ ಬಾಯಿಪಾಠ. ಬೆಳಗಾಗುವ ಮೊದಲೇ ಮರಕ್ಕೆ ತೂಗುಹಾಕಿದ ಕಬ್ಬಿಣದ ತುಂಡಿಗೆ ಬಡಿದು ಜನರನ್ನು ಎಬ್ಬಿಸುತ್ತೀ. ಅದು ನಿನ್ನ ಗಂಟೆ. ಪೂಜೆಗೆ ಡೋಲು ಬರುತ್ತದೆ, ಕಾಣಿಕೆಗೆ ಕುಂಬಳಕಾಯಿ, ಮೊಟ್ಟೆ, ಕಾಲು ಕಟ್ಟಿದ ಹುಂಜ ಬರುತ್ತದೆ. ನೀನು ಪ್ರವಚನ ಶುರು ಮಾಡಿದೊಡನೆ ಹುಂಜವೂ ಶುರು ಮಾಡುತ್ತದೆ ಎಂದು ಬರೆದಿದ್ದೆ. ಆಮೇಲೆ ಮೋಟಾರ್‌ಸೈಕಲ್ ಹತ್ತಿ ಕಾಯಿಲೆಯವರ ಮನೆಗೆ, ಯಾರದೋ ಮೇಕೆ ಯಾರದೋ ಜೋಳ ತಿಂದ ಪಂಚಾಯಿತಿಗೆ, ಶಾಲೆಯ ಸೂರು ಸರಿಮಾಡಲಿಕ್ಕೆ. ಮಧ್ಯಾಹ್ನ ಸಿಕ್ಕಿದವರ ಮನೆಯಲ್ಲಿ ಜೋಳದ ಹಿಟ್ಟಿನ ಮುದ್ದೆ. ಮಳೆ ಬಂದರೆ ಹೊಳೆ ದಾಟಲಾಗದೆ ಅಲ್ಲೇ ಯಾರದೋ ಗುಡಿಸಲಿನಲ್ಲಿ ಮಲಗುವುದು. ಇದೆಲ್ಲ ಓದಿ ನಾನು ಹೆಮ್ಮೆಪಟ್ಟು ಶಿರ್ವದ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಆದರೆ ಆ ಸಾವಿನ ಮನೆಯ ಸಂಗತಿಯೂ ಬರೆದಿದ್ದೆಯಲ್ಲ. ಊರ ಹಿರಿಯರು ಸತ್ತವರ ಹೆಸರಿನಲ್ಲಿ ನೆಲಕ್ಕೆ ಮದ್ಯ ಹೊಯ್ಯುವಾಗ ನೀನು ಪಕ್ಕದಲ್ಲೇ ತಲೆಬಾಗಿಸಿ ನಿಂತಿದ್ದೆಯಂತೆ. ಹಾಗೆಲ್ಲ ನಿಲ್ಲಬೇಡ ಎಂದು ನಾನು ಬೈದಿದ್ದಕ್ಕೆ, ‘ಪಪ್ಪ ತೀರಿಕೊಂಡ ವರ್ಷ ನೀವು ಅವರ ತಟ್ಟೆಗೆ ಮೀನು ಬಡಿಸಿ ಇಡಲಿಲ್ಲವಾ ಮಾಯ್’ ಎಂದು ತಿರುಗಿ ಕೇಳಿದೆ. ಬಹುಶಃ ಅಲ್ಲೇ ನಾನು ಸೋತೆ. ಇವತ್ತು ತಲೆಬಾಗಿಸಿ ನಿಂತವನು ನಾಳೆ ಪಕ್ಕದಲ್ಲಿ ಕೂರುತ್ತಾನೆ, ನಾಡಿದ್ದು ತುಪ್ಪ ಸುರಿಯುತ್ತಾನೆ ಎಂದು ಆಗಲೇ ನಿನಗೆ ಹೇಳಬೇಕಿತ್ತು. ಮಳೆ ಬಾರದೆ ಜನ ಕಂಗಾಲಾಗಿದ್ದರಾ? ಯಾರೋ ಅಂಗಡಿಯ ಸೇಠು ಹೋಮ ಮಾಡಿಸಿದರೆ ಮಳೆ ಬರುತ್ತದೆ ಎಂದನಾ? ಅವರ ಸಂಕಟ ನೋಡಲಾರದೆ ನೀನು ಹೂಂ ಎಂದೆಯಾ? ನಿನ್ನ ಸ್ವಭಾವ ನನಗೆ ಗೊತ್ತಿಲ್ಲವಾ. ಅಳುವವರನ್ನು ಕಂಡರೆ ನೀನು ಮೈಮೇಲಿನ ಅಂಗಿಯನ್ನೂ ಕೊಡುವವನು. ಎಡ್ನಾಳ ಸ್ವರವೂ ನಡುಗುತ್ತಿತ್ತು. ಒಳ್ಳೆಯ ವಿಶ್ವಾಸಿ ಹೆಂಗಸು, ಪಾದ್ರಿ ಹೀಗೆ ಮಾಡಿದರಲ್ಲ ಎಂದು ಅವಳಿಗೇ ನಾಚಿಕೆಯಾಗಿರಬೇಕು.

ಹ್ಯೂಬರ್ಟ್ ಇಲ್ಲಿ ಊಟಕ್ಕೆ ಕೂತಾಗ ಬಡಿಸುವ ನೆಪದಲ್ಲಿ ನಾನು ನಿಂತೇ ಇದ್ದೆ. ಅವನು ನಾನು ಮಾಡಿದ ಸಾನ್ನಾಂ ತಿನ್ನುತ್ತಾ, ‘ಸೆಲೆಸ್ಟಿನಿಗೆ ಜನ ಅಂದ್ರೆ ಪ್ರಾಣ ಆಂಟಿ, ಜನಕ್ಕೂ ಅವನು ಅಂದ್ರೆ ಪ್ರಾಣ’ ಎಂದು ಹೊಗಳಿದಷ್ಟೂ ನನಗೆ ಚುಚ್ಚುತ್ತಿತ್ತು. ‘ಹೇಗಿದ್ದಾನಂತೆ, ಫೋನು ಬಂತಾ’ ಎಂದು ಕೇಳಿದ. ಚೆನ್ನಾಗಿದ್ದಾನಂತೆ ಎಂದೆ. ಪಾದ್ರಿಯ ಎದುರಿಗೆ ಅಷ್ಟು ನುಣ್ಣಗೆ ಸುಳ್ಳು ಹೇಳಿದೆ, ಆಮೇಲೆ ಮಾತು ಬದಲಿಸಿ ದೋಹಾದ ಧೂಳು, ಶಿರ್ವದ ರಸ್ತೆ ಎಂದು ಏನೇನೋ ಹರಟಿದೆ. ಬಿಷಪರ ಕಿವಿಗೆ ಬಿದ್ದರೆ ನಿನ್ನನ್ನು ಪೂಜೆಯಿಂದಲೇ ನಿಲ್ಲಿಸಿಬಿಡುತ್ತಾರೆ ಎಂಬ ಹೆದರಿಕೆ ಮಗಾ. ನಿನ್ನ ದೀಕ್ಷೆಯ ದಿನ ನಿನ್ನ ಅಂಗೈಗೆ ಹಚ್ಚಿದ ಎಣ್ಣೆಯನ್ನು ಒರೆಸಿದ ಬಟ್ಟೆಯನ್ನು ನಾನು ಸತ್ತಾಗ ನನ್ನ ಕೈಗೆ ಕಟ್ಟಬೇಕೆಂದು ಕಪಾಟಿನಲ್ಲಿ ಕಾಪಾಡಿ ಇಟ್ಟಿದ್ದೇನೆ. ಆ ಕೈಯಲ್ಲಿ ನೀನು ಬೇರೆ ಬೆಂಕಿಗೆ ತುಪ್ಪ ಹೊಯ್ದರೆ ನಾನು ಆ ಬಟ್ಟೆಯನ್ನು ಏನು ಮಾಡಲಿ, ಹೇಳು.

ಆದ್ದರಿಂದ ನೇರವಾಗಿ ಕೇಳುತ್ತೇನೆ, ನೇರವಾಗಿ ಉತ್ತರ ಕೊಡು. ಮಾಡಿದ್ದು ನಿಜವಾ? ಒತ್ತಾಯಕ್ಕೆ ಮಾಡಿದೆಯಾ, ಮನಸಾರೆ ಮಾಡಿದೆಯಾ? ಒತ್ತಾಯಕ್ಕಾದರೆ ಪಾಪನಿವೇದನೆ ಮಾಡು, ಹ್ಯೂಬರ್ಟನಲ್ಲಿ ಬೇಡ, ದೂರದ ಯಾರಾದರೂ ಮುದಿ ಪಾದ್ರಿಯಲ್ಲಿ. ಮನಸಾರೆ ಆದರೆ, ದೇವರೇ, ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ನಿನಗೆ ಆ ಬದುಕು ಭಾರವಾಗಿದ್ದರೆ, ಒಬ್ಬಂಟಿಯಾಗಿ ತಲೆ ಕೆಟ್ಟು ಹೀಗೆ ಮಾಡುತ್ತಿದ್ದರೆ, ನನ್ನ ಹತ್ತಿರ ಬಾ. ಊರವರು ಏನಾದರೂ ಆಡಿಕೊಳ್ಳಲಿ. ಹ್ಯೂಬರ್ಟನ ಫೋನಿನಿಂದ ಒಂದು ಮಾತು ಹೇಳಿಸು. ಅವನಿಗೆ ತಿಳಿಯದ ಹಾಗೆ ‘ಚಟ್ನಿ ಚೆನ್ನಾಗಿತ್ತು’ ಎಂದರೆ ಎಲ್ಲ ಸುಳ್ಳು, ಹಾಗೇನೂ ನಡೆದಿಲ್ಲ ಎಂದು ತಿಳಿದುಕೊಳ್ಳುತ್ತೇನೆ. ‘ಖಾರ ಜಾಸ್ತಿ’ ಎಂದರೆ ನಾನು ಎದೆ ಗಟ್ಟಿಮಾಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ನನಗೆ ನಿದ್ದೆಯಿಲ್ಲ.

ಆಶೀರ್ವಾದ ನೀನು ನನಗೆ ಕೊಡಬೇಕಾದವನು, ಆದರೂ ಹಳೆಯ ರೂಢಿ ಬಿಡುವುದಿಲ್ಲ. ಸಿಟ್ಟಿನಲ್ಲಿದ್ದರೂ ನಿನ್ನ ನೆತ್ತಿಯ ಮೇಲೆ ಕೈಯಿಟ್ಟು ಶಿಲುಬೆಯ ಗುರುತು ಹಾಕಿದ್ದೇನೆ ಎಂದು ತಿಳಿ. ಮಾಮಾ ಎಡ್ನಾಳಿಗೆ ನನ್ನ ನೆನಪುಗಳನ್ನು ಹೇಳು. ಚಟ್ನಿಯಲ್ಲಿ ಅವಳಿಗೂ ಪಾಲು ಕೊಡು.

ನಿನ್ನ ಮಾಯ್,
ಪರ್ಪೆಚುವಾ

ತಾ.ಕ. ಸೆಲೆಸ್ಟಿನ್, ಮಗಾ, ರೋಸ್‌ಮೇರಿ ಈಗ ಬಂದಿದ್ದಳು. ಮಗುವಿನ ಹಣೆ ಮುಟ್ಟಿ, ತೊಟ್ಟಿಲಿನ ಮಗುವಿನ ಹತ್ತಿರ ಎಲ್ಲರೂ ಮಾತಾಡುವ ಹಾಗೆ ತನ್ನ ಭಾಷೆಯಲ್ಲೇ ಏನೋ ಮುದ್ದಿಸುತ್ತಾ ‘ಹೋಮ, ಹೋಮ’ ಎಂದಳು. ನಾನು ಗೋಂದಿನ ಬಾಟಲಿ ಹಿಡಿದುಕೊಂಡೇ ಹೋಗಿ ಏನೆಂದೆ ಎಂದು ಕೇಳಿದೆ. ಫಿಯೋನಾ ಇಂಗ್ಲಿಷಿನಲ್ಲಿ ಕೇಳಿ ಹೇಳಿದಳು. ಸ್ವಾಹಿಲಿಯಲ್ಲಿ ಹೋಮ ಎಂದರೆ ಜ್ವರವಂತೆ. ಜ್ವರ. ಕಾಳಿ ಅಂದರೆ ಏನು ಎಂದೆ. ಕೆಟ್ಟದ್ದು, ಜೋರಾದದ್ದು ಅಂತೆ. ನನ್ನ ಮುಖ ನೋಡಿ ಅವಳು ಯಾರಿಗೆ ಎಂದು ಕೇಳಿದಳು. ನಾನು ಸಣ್ಣದು, ಸಣ್ಣದು ತಾನೇ, ‘ಸಣ್ಣ’ ಎಂದು ಅವಳ ಕೈ ಹಿಡಿದುಕೊಂಡೆ. ಸಣ್ಣದಕ್ಕೆ ಅವರಲ್ಲಿ ಬೇರೆ ಮಾತು ಇದೆಯಂತೆ. ಸಣ್ಣ ಎಂದರೆ ಬಹಳ ಅಂತೆ ಮಗಾ. ಬಹಳ.

ಎಡ್ನಾಳ ಜೊತೆ ಗುಡ್ಡ ಹತ್ತಿದ ಆ ಹೆಂಗಸರು ಹೇಳುತ್ತಿದ್ದದ್ದು ಜಪಸರದ ಪ್ರಾರ್ಥನೆ ಅಲ್ಲವಾ? ಒಬ್ಬರು ಅರ್ಧ, ಉಳಿದವರು ಅರ್ಧ. ಹುಟ್ಟಿದಾಗಿನಿಂದ ಅದನ್ನೇ ಹೇಳುತ್ತಾ ಬಂದವಳಿಗೆ ಅದು ಕಿವಿಗೆ ಬಿದ್ದು ತಿಳಿಯಲಿಲ್ಲ. ಎಡ್ನಾ ಅಳುತ್ತಿದ್ದಳು, ನಾನು ನಾಚಿಕೆ ಎಂದುಕೊಂಡೆ. ಸ್ವಾಹಿಲಿ ಬಲ್ಲ ಹ್ಯೂಬರ್ಟನನ್ನು ಎದುರಿಗೆ ಕೂರಿಸಿ ಸಾನ್ನಾಂ ಬಡಿಸಿದೆ, ಒಂದು ಮಾತು ಕೇಳಲಿಲ್ಲ. ಭಾನುವಾರದಿಂದ ಇವತ್ತಿನವರೆಗೆ.

ರೂಬೆನ್ ಎಲ್ಲ ಕಡೆ ಫೋನು ಮಾಡುತ್ತಿದ್ದಾನೆ, ನಿಮ್ಮ ಬಿಷಪರ ಆಫೀಸು ಎತ್ತುತ್ತಿಲ್ಲ. ನನ್ನ ಪಾಸ್‌ಪೋರ್ಟು ಅವನ ಕೈಗೆ ಕೊಟ್ಟಿದ್ದೇನೆ. ಕೆಳಗೆ ಹ್ಯೂಬರ್ಟನ ಕಾರು ಬಂತು.

ಹ್ಯೂಬರ್ಟ್, ಕವರಿಗೆ ಗೋಂದು ಹಚ್ಚಿಲ್ಲ. ಇದು ನಿನಗೆ. ದಾರ್‌ನಲ್ಲಿ ಬಸ್ಸಿಗೆ ಕಾಯಬೇಡ, ಏನು ಸಿಕ್ಕಿದರೂ ಹಿಡಿದು ಹೋಗು. ಅವನನ್ನು ದೊಡ್ಡ ಆಸ್ಪತ್ರೆಗೆ ಸಾಗಿಸು, ಕಲ್ಲುಗುಂಡಿನ ಹಾಗಿದ್ದೇನೆ ಎಂದರೆ ನಂಬಬೇಡ. ಅವನಿಗೆ ಕಣ್ಣು ಬಿಟ್ಟು ಓದಲು ಆಗದಿದ್ದರೆ ನೀನೇ ಕಿವಿಯ ಹತ್ತಿರ ಕೂತು ಓದು. ಮೇಲಿನ ಅಷ್ಟೂ ಪುಟ ಹರಿದು ಬಿಸಾಡು, ಒಂದೇ ಮಾತು ಓದು. ಹೋಮವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಮಗಾ, ಅಂತ ನಿನ್ನ ಮಾಯ್ ಹೇಳಿದ್ದಾಳೆ.